ಘಾಟಿಯ ಏರು, ಸ್ವಯಂಚಾಲಿತ ಗೇರು

ಹರಿಹರಕ್ಕೆ ಗೇರು ಹೊಸದಲ್ಲ. 1941ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳಿಗೆ ಹೆಸರಾಗಿತ್ತು. ಆ ಕಾರ್ಖಾನೆ ಮುಚ್ಚಿಹೋಗಿದ್ದರೂ, ಹಲ್ಲಿಗೆ ಹಲ್ಲು ಕಚ್ಚಿ ತಿರುಗುವ ಉಕ್ಕಿನ ಚಕ್ರದ ಮೇಲಣ ವಿಶ್ವಾಸ ಈ ಸೀಮೆಯಲ್ಲಿ ಉಳಿದಿದೆ. ಅದರಿಂದಲೇ ಇರಬೇಕು, 'ಆಟೋಮ್ಯಾಟಿಕ್ ಜೀಪು ಬಯಲಿಗೆ ಸರಿ, ಘಾಟಿಗೆ ಆಗದು' ಎಂಬ ಮಾತು ದಾವಣಗೆರೆ, ಹರಿಹರಗಳಲ್ಲಿ ನಮ್ಮ ಕಿವಿಗೆ ಬೀಳುತ್ತಿರುತ್ತದೆ. ಈ ತೀರ್ಪು ಅರ್ಧ ಮಾತ್ರ ಸರಿಯೆಂಬುದು ನಮ್ಮ ಅಭಿಪ್ರಾಯ.

ಕೈಗೇರಿನ ವಾಹನದಲ್ಲಿ ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಕ್ಲಚ್ಚಿನ ತಟ್ಟೆಯಿದೆ. ಆ ಸ್ಥಾನದಲ್ಲಿ ಎಣ್ಣೆಯನ್ನಿಟ್ಟು ಕೆಲಸ ಮಾಡುವುದು ಟಾರ್ಕ್ ಕನ್ವರ್ಟರ್. ಜರ್ಮನಿಯ ಹೆರ್ಮನ್ ಫ್ಯೋಟಿಂಗರ್ 1905ರಲ್ಲಿ ಇದರ ಪೇಟೆಂಟು ಪಡೆದುದು ಹಡಗುಗಳಿಗಾಗಿ. ಎಂಜಿನ್ನು ಒಂದು ಚಕ್ರದ ಅಲಗುಗಳಿಂದ ಎಣ್ಣೆಯನ್ನು ಎಸೆಯುತ್ತದೆ. ಎದುರಿನ ಚಕ್ರ ಆ ಹೊಡೆತಕ್ಕೆ ತಿರುಗುತ್ತದೆ. ನಡುವಣ ಮೂರನೆಯದು ಮರಳುವ ಎಣ್ಣೆಯ ದಿಕ್ಕನ್ನು ಬದಲಿಸಿ, ವಾಹನ ನಿಂತಲ್ಲಿಂದ ಹೊರಡುವಾಗ, ತಿರುಚುಬಲವನ್ನು ಸುಮಾರು ಇಮ್ಮಡಿಗೊಳಿಸುತ್ತದೆ. ಕಡಿದಾದ ಏರಿನಲ್ಲಿ ಬಂಡೆಯೊಂದನ್ನು ಮೆಲ್ಲಗೆ ಹತ್ತಲು ಇದಕ್ಕಿಂತ ಅನುಕೂಲವಾದುದು ಯಾವುದು? ಅಮೆರಿಕದ ಸೇನೆ 1980ರ ದಶಕದಲ್ಲಿ ತನ್ನ ಹಂವೀ ವಾಹನಕ್ಕೆ ಸ್ವಯಂಚಾಲಿತ ಗೇರನ್ನೇ ಆರಿಸಿಕೊಂಡಿತು. ಕೋಮಲವಾದ ಯಂತ್ರವನ್ನು ಯಾರೂ ರಣರಂಗಕ್ಕೆ ಕಳುಹಿಸುವುದಿಲ್ಲ.

ಆದರೆ ಎಣ್ಣೆ ಜಾರುತ್ತದೆ. ಜಾರಿ ನಷ್ಟವಾದ ಶಕ್ತಿಯೆಲ್ಲ ಶಾಖವಾಗುತ್ತದೆ. ಇಲ್ಲಿಯೇ ತೊಡಕು. ಗಾಲಿಗಳು ಬಂಡೆಗೆ ಸಿಕ್ಕು ನಿಂತಿವೆ, ಎಂಜಿನ್ನು 50 ಕಿಲೋವಾಟು ಶಕ್ತಿ ಕೊಡುತ್ತಲೇ ಇದೆ ಎನ್ನೋಣ. ಒಂದು ನಿಮಿಷಕ್ಕೆ 30 ಲಕ್ಷ ಜೌಲು ಶಾಖ ಹುಟ್ಟಿತು. ಎಣ್ಣೆ 7 ಕಿಲೋಗ್ರಾಮಿದ್ದು, ಶಾಖ ಹೊರಹೋಗಲು ದಾರಿಯಿಲ್ಲದಿದ್ದರೆ, ಅದರ ಉಷ್ಣತೆ ಸುಮಾರು 200 ಡಿಗ್ರಿ ಏರಬೇಕು! ಎಣ್ಣೆ ಕರಕಲಾಗುತ್ತದೆ, ರಬ್ಬರಿನ ಸೀಲುಗಳು ಗಡುಸಾಗುತ್ತವೆ, ಒಳಗಿನ ಕ್ಲಚ್ಚುಗಳು ಜಾರತೊಡಗುತ್ತವೆ. ಕೆಟ್ಟಿತೆಂದು ನಾವು ದೂರುವ ಗೇರುಪೆಟ್ಟಿಗೆ ಅನೇಕ ವೇಳೆ ಬೆಂದುಹೋದ ಗೇರುಪೆಟ್ಟಿಗೆ. ಲೋ ರೇಂಜಿನ ಸನ್ನೆಯನ್ನು ಏರು ಬರುವ ಮುನ್ನವೇ ಎಳೆದರೆ ಜಾರುವಿಕೆ ಬಹುಮಟ್ಟಿಗೆ ತಗ್ಗುತ್ತದೆ. 2020ರ ಥಾರ್, 2023ರ ಜಿಮ್ನಿ ಎರಡರಲ್ಲಿಯೂ ಕನ್ವರ್ಟರಿನ ಜೊತೆಗೆ ಈ ಸನ್ನೆಯುಂಟು. ಕ್ಲಚ್ಚನ್ನು ಯಂತ್ರವೇ ಒತ್ತುವ ಅಗ್ಗದ ಎಎಂಟಿಯನ್ನೂ ಒಣ ಕ್ಲಚ್ಚುಗಳ ಜೋಡಿಯುಳ್ಳ ಪೆಟ್ಟಿಗೆಯನ್ನೂ ಆಟೋಮ್ಯಾಟಿಕ್ ಎಂದೇ ಕರೆಯುತ್ತಾರೆ. ಕಡಿದಾದ ಏರಿನಲ್ಲಿ ತೆವಳುವಾಗ ಅವುಗಳಲ್ಲಿ ಸವೆಯುವುದು ತಟ್ಟೆ. ಅವುಗಳ ಅಪಕೀರ್ತಿಯನ್ನು ಕನ್ವರ್ಟರಿಗೆ ಅಂಟಿಸುವುದು ನ್ಯಾಯವಲ್ಲ.

ಗ್ಯಾರೇಜಿನವರ ಮಾತಿನಲ್ಲಿ ಸರಿಯಾದ ಅರ್ಧವೆಂದರೆ ಇಳಿಜಾರು. ಅವರು ಏರನ್ನೇ ಕುರಿತು ಮಾತನಾಡುತ್ತಾರೆಂಬುದು ಬೇರೆ ಮಾತು. ದಾವಣಗೆರೆಯಿಂದ ಶಿವಮೊಗ್ಗ, ತೀರ್ಥಹಳ್ಳಿಗಳ ಮಾರ್ಗವಾಗಿ ಆಗುಂಬೆಗೆ ಹೋದ ತರುಣನು ಅಲ್ಲಿಂದ ಕೆಳಗಿಳಿಯಬೇಕು. ಸನ್ನೆ 'ಡಿ'ಯಲ್ಲಿಯೇ ಇದ್ದು ಅವನು ಕಾಲು ತೆಗೆದನೆಂದರೆ, ಗೇರು ಮೇಲಕ್ಕೇರಿ ಎಂಜಿನ್ನಿನ ತಡೆ ಸಡಿಲವಾಗಬಹುದು. ಎರಡು ಟನ್ನಿನ ವಾಹನ 500 ಮೀಟರು ಎತ್ತರದಿಂದ ಇಳಿಯುವಾಗ ಹೊರಬೀಳುವ ಶಕ್ತಿ ಸುಮಾರು 30 ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಬಹುಪಾಲು ಬ್ರೇಕಿನ ಮೇಲೆಯೇ ಬಿದ್ದರೆ, ಕಾದ ಬ್ರೇಕು ತಿರುವಿನಲ್ಲಿ ಹಿಡಿಯಲಾರದು. ಆಟೋಮ್ಯಾಟಿಕ್ ಕಲಿಸುವವರು ಇಳಿಯುವ ಮುನ್ನ ಸನ್ನೆಯನ್ನು ಕೆಳಗಿನ ಗೇರಿಗೆ ಎಳೆಯುವುದನ್ನು ಮೊದಲನೆಯ ದಿನವೇ ಹೇಳಿಕೊಡಲಿ. ಏರುವ ಪಾಠ ಎರಡನೆಯ ದಿನಕ್ಕಿರಲಿ.