ಬೆಳಕೇ ಅನ್ನ: ಹವಳ ಸಾಕುವ ಮುನ್ನ



ಉಪ್ಪುನೀರಿನ ಅಕ್ವೇರಿಯಂ ಇಡುವ ಹವ್ಯಾಸ ಈಗ ಮುಂಬಯಿಯ ಫ್ಲ್ಯಾಟುಗಳನ್ನೂ ಹೊಕ್ಕಿದೆ. ಮೊದಲು ಒಂದು ಜೋಡಿ ಕ್ಲೌನ್ ಮೀನು ತರುತ್ತಾರೆ. ಅವು ಚೆನ್ನಾಗಿ ಬದುಕಿದರೆ ಮುಂದಿನ ಆಸೆ ಹವಳ. ಆಗ ಹುಟ್ಟುವ ಪ್ರಶ್ನೆ, “ಯಾವ ಲೈಟು ಕೊಳ್ಳಬೇಕು?” ಅದಕ್ಕೆ ಉತ್ತರ ಹೇಳುವ ಮೊದಲು ನಾನೊಂದು ಮರುಪ್ರಶ್ನೆ ಕೇಳುತ್ತೇನೆ: “ಯಾವ ಹವಳ ಇಡುತ್ತೀರಿ?” ಯಾಕೆಂದರೆ ಗೋಲ್ಡ್‌ಫಿಶ್ ತೊಟ್ಟಿಯ ಲೈಟು ನಮ್ಮ ಕಣ್ಣಿನ ಸುಖಕ್ಕೆ; ಹವಳದ ತೊಟ್ಟಿಯ ಲೈಟು ಹವಳದ ಹೊಟ್ಟೆಗೆ.

ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದು ಪ್ರಾಣಿ. ಬಂಡೆಗೆ ಅಂಟಿಕೊಂಡು ಬದುಕುವ ಪುಟ್ಟ ಪುಟ್ಟ ಜೀವಿಗಳ ಸಂಸಾರ. ಬಿಸಿಲು ಬೀಳುವ ಕಡಲಿನ ಹೆಚ್ಚಿನ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಬಿಸಿಲಿನಿಂದ ಪಾಚಿ ಸಕ್ಕರೆ ತಯಾರಿಸುತ್ತದೆ, ಅದರ ಬಹುಪಾಲನ್ನು ಮನೆ ಕೊಟ್ಟ ಹವಳಕ್ಕೇ ಕೊಡುತ್ತದೆ. ಬೆಳಕು ತಪ್ಪಿದರೆ ಹವಳಕ್ಕೆ ಉಪವಾಸ. ಆದರೆ ಎಲ್ಲ ಹವಳವೂ ಹೀಗಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿರುವ ಕೆಂಪು ಹವಳದ ಸರ ನೋಡಿದ್ದೀರಲ್ಲವೇ? ಆ ಜಾತಿಯ ಹವಳಕ್ಕೆ ಹೆಸರಾದದ್ದು ಮೆಡಿಟರೇನಿಯನ್ ಸಮುದ್ರ. ಅದು ಬೆಳೆಯುವುದು ಮಬ್ಬುಗತ್ತಲಿನ ಆಳದಲ್ಲಿ, ಗುಹೆಗಳಲ್ಲಿ. ಅದರಲ್ಲಿ ಪಾಚಿ ಇಲ್ಲ, ಅದಕ್ಕೆ ಬಿಸಿಲೂ ಬೇಡ. ಒಂದೇ ಹೆಸರು, ಎರಡು ಬಗೆಯ ಬದುಕು. ಆದ್ದರಿಂದ ಹವಳಕ್ಕೆ ತಕ್ಕಂತೆ ಲೈಟು ಆರಿಸಬೇಕು.

ಇನ್ನು ಹವಳದ ಆಯ್ಕೆ. ಇಲ್ಲಿ ಕಾನೂನು ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ 2001ರಲ್ಲಿ ಕಲ್ಲುಹವಳದ ಎಲ್ಲ ಜಾತಿಗಳನ್ನೂ ಸೇರಿಸಲಾಯಿತು. ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆಯಂತೆ ಹರಡುವ ಸೀ ಫ್ಯಾನ್ ಇವೂ ಅದರಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ನಮ್ಮ ಕಡಲಿನಿಂದ ಇವನ್ನು ಕಿತ್ತು ತರುವುದು, ಮಾರುವುದು, ಕೊಳ್ಳುವುದು ಅಪರಾಧ. ಮೂರರಿಂದ ಏಳು ವರ್ಷದವರೆಗೆ ಸೆರೆವಾಸದ ಶಿಕ್ಷೆಯಿದೆ. ಸತ್ತ ಹವಳದ ತುಂಡಿಗೂ ವಿನಾಯಿತಿ ಇಲ್ಲ. “ಇದು ಫಾರಿನ್ ಮಾಲು” ಎಂದು ಅಂಗಡಿಯವರು ಹೇಳಿದರೂ ಕಾಗದಪತ್ರ ಕೇಳಿ. ಕಲ್ಲುಹವಳದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಯಂತ್ರಣವಿದೆ.

ಇದು ದೂರದ ಲಕ್ಷದ್ವೀಪದ ಮಾತು ಮಾತ್ರ ಎಂದುಕೊಳ್ಳಬೇಡಿ. ನಮ್ಮ ವರ್ಲಿ ಮತ್ತು ಹಾಜಿ ಅಲಿಯ ಬಂಡೆಗಳ ಮೇಲೂ ಹವಳವಿದೆ. ಕೋಸ್ಟಲ್ ರೋಡ್ ಕಟ್ಟುವಾಗ, 2020ರಲ್ಲಿ, ಅಲ್ಲಿದ್ದ ಹವಳದ 18 ಗುಂಪುಗಳನ್ನು ಅರಣ್ಯ ಇಲಾಖೆಯ ಅನುಮತಿ ಪಡೆದು ಬೇರೆಡೆಗೆ ಸಾಗಿಸಬೇಕಾಯಿತು. ಮಹಾನಗರಪಾಲಿಕೆಯೇ ಅಪ್ಪಣೆ ಕೇಳಬೇಕಾದ ಮೇಲೆ ಇಳಿತದ ಹೊತ್ತಿಗೆ ಉಳಿ ಹಿಡಿದು ಹೋಗುವ ಹಕ್ಕು ನಮಗೆಲ್ಲಿಯದು?

ಹಾಗಾದರೆ ಹೊಸಬರು ಏನು ಸಾಕಬೇಕು? ಗಟ್ಟಿ ಅಸ್ಥಿಪಂಜರ ಕಟ್ಟದ, ಈ ಪಟ್ಟಿಯಲ್ಲಿಲ್ಲದ ಮೆದು ಜಾತಿಗಳಿವೆ. ಮಶ್ರೂಮ್, ಲೆದರ್ ಕೋರಲ್, ಜೋವಾಂಥಿಡ್. ತೊಟ್ಟಿಯಲ್ಲೇ ಬೆಳೆಸಿ ತುಂಡು ಮಾಡಿದ್ದನ್ನೇ ಕೇಳಿ ತನ್ನಿ. ಒಳ್ಳೆಯ ಸುದ್ದಿಯೆಂದರೆ ಇವಕ್ಕೆ ಬೆಳಕು ಕಡಿಮೆ ಸಾಕು, ಹಾಗಾಗಿ ಲೈಟಿನ ಖರ್ಚೂ ಕಡಿಮೆ.

ಈಗ ಲೈಟಿನ ವಿಷಯಕ್ಕೆ ಬರೋಣ. ಡಬ್ಬಿಯ ಮೇಲಿನ ವ್ಯಾಟ್ ನೋಡಿ ಮರುಳಾಗಬೇಡಿ. ವ್ಯಾಟ್ ಹೇಳುವುದು ಕರೆಂಟಿನ ಬಿಲ್ಲನ್ನು. ಲ್ಯೂಮೆನ್ ಹೇಳುವುದು ನಮ್ಮ ಕಣ್ಣಿಗೆ ಎಷ್ಟು ಪ್ರಕಾಶ ಎಂಬುದನ್ನು. ಪಾಚಿಗೆ ಉಪಯೋಗವಾಗುವ ಬೆಳಕಿನ ಅಳತೆಗೆ ಪಾರ್ ಎನ್ನುತ್ತಾರೆ. ಮಶ್ರೂಮ್ ಹವಳಕ್ಕೆ ಸುಮಾರು 50 ಪಾರ್ ಸಾಕು. ಲೆದರ್, ಜೋವಾಂಥಿಡ್‌ಗಳಿಗೆ 100ರ ಆಸುಪಾಸು. ಕೊಂಬೆ ಕೊಂಬೆಯಾಗಿ ಬೆಳೆಯುವ ಕಲ್ಲುಹವಳಕ್ಕೆ 200ಕ್ಕೂ ಹೆಚ್ಚು ಬೇಕು. ಅಂಗಡಿಯ ಅತಿ ದುಬಾರಿ ಲೈಟುಗಳು ತಯಾರಾಗುವುದು ಅದಕ್ಕಾಗಿ. ನಾವು ಇಡಬಾರದ ಹವಳಕ್ಕೆ ಬೇಕಾದ ಲೈಟಿಗೆ ದುಡ್ಡು ಸುರಿಯುವುದೇಕೆ?

ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ. ಒಂದು, ಒಂದು ಅಡಿ ಮತ್ತು ಒಂದೂವರೆ ಅಡಿ ಆಳದಲ್ಲಿ ಎಷ್ಟು ಪಾರ್ ಸಿಗುತ್ತದೆ ಎಂಬ ನಕ್ಷೆ ಇದೆಯೇ? ಆಳಕ್ಕೆ ಹೋದಂತೆ ಬೆಳಕು ಕ್ಷೀಣಿಸುತ್ತದೆ. ಎರಡು, ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಬರುತ್ತದೆಯೇ? ಮೂರು, ನೀಲಿ ಮತ್ತು ಬಿಳಿ ಬೆಳಕಿಗೆ ಬೇರೆ ಬೇರೆ ಹಿಡಿತವಿದೆಯೇ? ಸಮುದ್ರದ ನೀರು ಕೆಂಪನ್ನು ಮೊದಲು ನುಂಗುತ್ತದೆ. ಕೆಳಗಿಳಿಯುವುದು ಹೆಚ್ಚಾಗಿ ನೀಲಿ. ಹವಳದ ಪಾಚಿ ಆ ನೀಲಿಗೇ ಒಗ್ಗಿಕೊಂಡಿದೆ. ಮನೆಯ ಬಿಳಿ ಟ್ಯೂಬ್‌ಲೈಟ್ ಹಾಕಿದರೆ ಹವಳಕ್ಕಿಂತ ಗಾಜಿನ ಮೇಲಿನ ಹಸಿರು ಪಾಚಿಯೇ ಹುಲುಸಾಗಿ ಬೆಳೆದೀತು. ಎರಡು ಅಡಿಯ ತೊಟ್ಟಿಗೆ ಸಾಮಾನ್ಯವಾಗಿ ಒಂದು ಎಲ್‌ಇಡಿ ದೀಪ ಸಾಕು.

ಮುಂಬಯಿಗರಿಗೆ ಇನ್ನೊಂದು ಚಿಂತೆ ಸೆಕೆ. ಹವಳದ ತೊಟ್ಟಿಯ ನೀರು 24ರಿಂದ 27 ಡಿಗ್ರಿ ಇದ್ದರೆ ಒಳ್ಳೆಯದು. ನಮ್ಮ ಮೇ ತಿಂಗಳ ಕೋಣೆ ಅದಕ್ಕಿಂತ ಬಿಸಿ. 1990ರ ದಶಕದಲ್ಲಿ ಬಳಸುತ್ತಿದ್ದ ಮೆಟಲ್ ಹಾಲೈಡ್ ದೀಪಗಳು ಒಲೆಯಂತೆ ಕಾಯುತ್ತಿದ್ದವು. 150 ವ್ಯಾಟಿನ ಅಂಥ ದೀಪ ದಿನಕ್ಕೆ 9 ಗಂಟೆ ಉರಿದರೆ ತಿಂಗಳಿಗೆ 40 ಯೂನಿಟ್; 50 ವ್ಯಾಟಿನ ಎಲ್‌ಇಡಿಗೆ 14 ಯೂನಿಟ್ ಕೂಡ ಇಲ್ಲ. ನೀರಿನ ಮೇಲೆ ಫ್ಯಾನು ಬೀಸಿದರೆ ನೀರು ಆವಿಯಾಗಿ ತಣಿಯುತ್ತದೆ, ನಿಜ. ಆದರೆ ಮಳೆಗಾಲದಲ್ಲಿ ಗಾಳಿಯೇ ತೇವವಾಗಿರುವುದರಿಂದ ಒಣಹವೆಯ ದಿನಗಳಷ್ಟು ಪ್ರಯೋಜನವಿಲ್ಲ. ಬಿಸಿಲು ಬೀಳುವ ಕಿಟಕಿಯ ಪಕ್ಕ ತೊಟ್ಟಿ ಇಟ್ಟು ಲೈಟಿನ ದುಡ್ಡು ಉಳಿಸುವ ಜಾಣತನವೂ ಬೇಡ. ಬಿಸಿಲಿನ ಜತೆ ಬಿಸಿಯೂ ಬರುತ್ತದೆ.

ಲೈಟು ಮನೆಗೆ ಬಂದ ದಿನವೇ ಪೂರ್ತಿ ಉರಿಸಬೇಡಿ. ಅತಿಯಾದರೆ ಅಮೃತವೂ ವಿಷ. ಮೂರನೆಯ ಒಂದು ಭಾಗದಿಂದ ಆರಂಭಿಸಿ, ಮೂರು ನಾಲ್ಕು ವಾರಗಳಲ್ಲಿ ಮೆಲ್ಲಗೆ ಏರಿಸಿ. ಹೊಸ ಹವಳವನ್ನು ಮೊದಲು ತಳದಲ್ಲಿಡಿ. ಟೈಮರ್ ಹಾಕಿ ದಿನಕ್ಕೆ 8ರಿಂದ 10 ಗಂಟೆ ಬೆಳಕು ಕೊಡಿ. ರಾತ್ರಿ ಕತ್ತಲೆ ಇರಲಿ. ಪರೀಕ್ಷೆಗೆ ಓದಲು ನೀವು ಎರಡು ಗಂಟೆಯವರೆಗೆ ಎಚ್ಚರವಿದ್ದರೆ ಹವಳವೇಕೆ ಎಚ್ಚರವಿರಬೇಕು?

ಆಮೇಲೆ ಹವಳವನ್ನೇ ಗಮನಿಸಿ. ಕುತ್ತಿಗೆ ನೀಡಿದಂತೆ ಮೇಲಕ್ಕೆ ಚಾಚಿಕೊಂಡರೆ ಬೆಳಕು ಸಾಲುತ್ತಿಲ್ಲ. ಮುದುಡಿ ಬಿಳಿಚಿಕೊಂಡರೆ ಬೆಳಕು ಅಥವಾ ಬಿಸಿ ಹೆಚ್ಚಾಗಿದೆ. ಒಳಗಿನ ಪಾಚಿಯನ್ನು ಹವಳ ಹೊರಹಾಕುತ್ತಿದೆ. ಕಡಲು ಕಾದಾಗ ನಡೆಯುವುದೂ ಇದೇ. 1998, 2010, 2016 ಮತ್ತು 2024ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿದವು. ಅಲ್ಲಿ ಬಿಸಿ ಇಳಿಸುವ ಗುಂಡಿ ಯಾರ ಕೈಯಲ್ಲೂ ಇರಲಿಲ್ಲ. ನಿಮ್ಮ ತೊಟ್ಟಿಯಲ್ಲಿ ಅದು ನಿಮ್ಮ ಕೈಯಲ್ಲಿದೆ.

ಎರಡು ಎಚ್ಚರಿಕೆಗಳನ್ನು ಅಪ್ಪ ಅಮ್ಮನಿಗೂ ಓದಿ ಹೇಳಿ. ಉಪ್ಪುನೀರು ಮತ್ತು ಕರೆಂಟು ಹತ್ತಿರ ಬರಬಾರದು. ದೀಪದ ವೈರು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಮತ್ತೆ ಮೇಲೇರಲಿ. ಹನಿ ಕೆಳಗೇ ಬೀಳುತ್ತದೆ. ಇನ್ನು ಕೆಲವು ಜೋವಾಂಥಿಡ್‌ಗಳ ಮೈಯಲ್ಲಿ ಘೋರ ವಿಷವಿದೆ. ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಬೇಡಿ. ಅದು ಅಂಟಿರುವ ಕಲ್ಲನ್ನು ಎಂದೂ ಕುದಿಸಬೇಡಿ. ಆವಿಯಿಂದಲೇ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾದೀತು.

ಕಲ್ಲುಹವಳ ನೋಡುವ ಆಸೆಯಿದ್ದರೆ ಊರಿಗೆ ಹೋದಾಗ ಮುರುಡೇಶ್ವರದ ಕಡೆ ಪಯಣಿಸಿ. ಅಲ್ಲಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ ಅದು ತನ್ನ ಮನೆಯಲ್ಲೇ ಇದೆ. ಮಳೆಗಾಲ ಕಳೆದ ಮೇಲೆ ತರಬೇತಾದವರ ಜತೆ ನೀರಿಗಿಳಿದು ನೋಡಬಹುದು. ಅದಕ್ಕೆ ಬೆಳಕು ಕೊಡಲು ಸೂರ್ಯನಿದ್ದಾನೆ. ಕಣ್ತುಂಬ ನೋಡಿ, ಬರಿಗೈಯಲ್ಲಿ ಬನ್ನಿ. ಮನೆಯ ತೊಟ್ಟಿಯ ಒಂದು ಮಶ್ರೂಮ್ ಹವಳಕ್ಕೆ ಮಾತ್ರ ನೀವೇ ಸೂರ್ಯ. ದಿನವೂ ಹೊತ್ತಿಗೆ ಸರಿಯಾಗಿ ಮೂಡಿ, ಹೊತ್ತಿಗೆ ಸರಿಯಾಗಿ ಮುಳುಗಿ.