ಜ್ವರದ ಪರೀಕ್ಷೆ ಯಾರ ಸೊತ್ತು?

ಮಳೆ ಹಿಡಿಯಿತೆಂದರೆ ತುಮಕೂರಿನ ಮಂಡಿಪೇಟೆಯ ಹಮಾಲಿಗೆ ಜ್ವರ, ಗುಬ್ಬಿಯ ಮಿಲ್ ಕಾರ್ಮಿಕನಿಗೆ ಜ್ವರ, ಕುಣಿಗಲಿನ ಅಂಗಡಿಯವನ ಮಗುವಿಗೂ ಜ್ವರ. ಡೆಂಗಿಯೋ, ಟೈಫಾಯಿಡೋ, ಬರಿಯ ಶೀತವೋ? ಅದು ಗೊತ್ತಾಗುವ ಮೊದಲೇ ಮೂರು ದಿನದ ಕೂಲಿ ಹೋಗಿರುತ್ತದೆ. ಆಂಟಿಬಯಾಟಿಕ್ ಮಾತ್ರೆಗಳು ಹೊಟ್ಟೆಗೆ ಬಿದ್ದಿರುತ್ತವೆ. ಡೆಂಗಿಯಾಗಿದ್ದರೆ ಆ ಮಾತ್ರೆಗಳಿಂದ ಮೂರು ಕಾಸಿನ ಉಪಯೋಗವಿಲ್ಲ. ಅದು ವೈರಸ್ಸಿನ ಕಾಯಿಲೆ.

ಇದಕ್ಕೆ ವಿಜ್ಞಾನ ದಾರಿ ತೋರಿಸಿದೆ. ರೋಗಾಣು ಹೊಕ್ಕಾಗ ಅದನ್ನು ಹಿಡಿಯಲು ನಮ್ಮ ದೇಹ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ. ಒಂದೊಂದು ಪ್ರತಿಕಾಯವೂ ಒಂದೊಂದು ಬೀಗಕ್ಕೆ ಹೊಂದುವ ಕೀಲಿಯಂತೆ. ಅದನ್ನೇ ಪಟ್ಟಿಯ ಮೇಲೆ ಅಂಟಿಸಿ, ರಕ್ತದ ತೊಟ್ಟು ಬಿಟ್ಟರೆ, ರೋಗದ ಗುರುತು ಸಿಕ್ಕಾಗ ಇಪ್ಪತ್ತು ನಿಮಿಷದೊಳಗೆ ಗೆರೆ ಮೂಡುತ್ತದೆ. ಡೆಂಗಿಯ ಮೊದಲ ನಾಲ್ಕೈದು ದಿನ ಎನ್‌ಎಸ್1 ಎಂಬ ವೈರಸ್ ಪ್ರೋಟೀನನ್ನೂ, ಆಮೇಲೆ ಐಜಿಎಂ ಪ್ರತಿಕಾಯವನ್ನೂ ಹೀಗೆ ಪತ್ತೆ ಮಾಡಬಹುದು. ಉರಿಯೂತವಾದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೋಟೀನಿನ ಅಳತೆ, ಆಂಟಿಬಯಾಟಿಕ್ ಬೇಕೋ ಬೇಡವೋ ಎಂದು ತೀರ್ಮಾನಿಸಲು ವೈದ್ಯರಿಗೆ ನೆರವಾಗುತ್ತದೆ.

ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಕೇಂಬ್ರಿಜ್‌ನ ಕೋಲರ್ ಮತ್ತು ಮಿಲ್‌ಸ್ಟೀನ್ ಕಂಡುಹಿಡಿದರು. 1984ರಲ್ಲಿ ನೊಬೆಲ್ ಪಡೆದರು. ಸಾರ್ವಜನಿಕ ಹಣದಿಂದ ನಡೆದ ಆ ಕೆಲಸಕ್ಕೆ ಪೇಟೆಂಟ್ ಪಡೆಯಲಿಲ್ಲ. ಲೋಕದ ಸೊತ್ತಾಗಿ ಬಂದ ಆ ವಿದ್ಯೆ ಬಡವನ ಬಾಗಿಲಿಗೆ ಬರುವಾಗ ಲಾಭಕೋರನ ಸರಕಾಗುವುದೇಕೆ?

ಹಿಂದಿನ ಪಾಠ ಕಣ್ಣ ಮುಂದಿದೆ. ಕ್ಷಯಕ್ಕೆ ಮಾಡುತ್ತಿದ್ದ ರಕ್ತದ ಪ್ರತಿಕಾಯ ಪರೀಕ್ಷೆ ನಂಬತಕ್ಕದ್ದಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಸಾರಿತು. 2012ರಲ್ಲಿ ಭಾರತ ಅದನ್ನು ನಿಷೇಧಿಸಿತು. ಅಲ್ಲಿಯವರೆಗೆ ದುಡ್ಡು ತೆತ್ತವರು ರೋಗಿಗಳು. 2020ರಲ್ಲಿ, 245 ರೂಪಾಯಿಗೆ ಆಮದಾದ ಕೋವಿಡ್ ಕಿಟ್ಟಿಗೆ 600 ರೂಪಾಯಿ ಬೆಲೆ ಕಟ್ಟಿದ್ದು ದೆಹಲಿ ಹೈಕೋರ್ಟಿನಲ್ಲಿ ಬಯಲಾಯಿತು. ಆ ಕಿಟ್ಟೂ ಸರಿಯಾಗಿ ನಡೆಯಲಿಲ್ಲ. ಹಿಂದಿರುಗಿಸಿರೆಂದು ಐಸಿಎಂಆರ್ ರಾಜ್ಯಗಳಿಗೆ ತಿಳಿಸಿತು.

2024ರ ಜುಲೈನಲ್ಲಿ ಕರ್ನಾಟಕ ಸರ್ಕಾರವು ಖಾಸಗಿಯವರ ಡೆಂಗಿ ಕ್ಷಿಪ್ರ ಪರೀಕ್ಷೆಗೆ 250, ಎಲೈಸಾ ಪರೀಕ್ಷೆ ಒಂದೊಂದಕ್ಕೆ 300 ರೂಪಾಯಿ ಮಿತಿ ಹಾಕಿತು. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಇಷ್ಟಕ್ಕೇ ನಿಲ್ಲಬಾರದು.

ನಮ್ಮ ಬೇಡಿಕೆಗಳು ಇವು: ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಸಂಜೆ ಪಾಳಿ ಮುಗಿಸಿ ಬಂದವನಿಗೂ ಉಚಿತ ಪರೀಕ್ಷೆ ಸಿಗಬೇಕು. ಕಿಟ್ಟುಗಳನ್ನು ಕೊಳ್ಳುವ ಮುಂಚೆ ಸರ್ಕಾರವೇ ಪರೀಕ್ಷಿಸಬೇಕು. ಪ್ರತಿ ಲ್ಯಾಬಿನ ಬಾಗಿಲಲ್ಲಿ ಕನ್ನಡದಲ್ಲಿ ದರಪಟ್ಟಿ ತೂಗಬೇಕು. ಇಂಥ ಕಿಟ್ಟುಗಳ ತಯಾರಿಕೆ ಸಾರ್ವಜನಿಕ ವಲಯದಲ್ಲಿ ಆರಂಭವಾಗಬೇಕು.

ಕಾರ್ಮಿಕ ಬಂಧುಗಳಿಗೂ ಒಂದು ಮಾತು. ಗೆರೆ ಮೂಡದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ. ಜ್ವರ ಬಿಟ್ಟ ಮೇಲೂ ಹೊಟ್ಟೆನೋವು, ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಿಲ್ ಕೇಳಿ ಪಡೆಯಿರಿ. ಹೆಚ್ಚು ವಸೂಲಿ ಮಾಡಿದರೆ ಒಬ್ಬರೇ ಜಗಳವಾಡಬೇಡಿ, ಸಂಘದವರೆಲ್ಲ ಒಟ್ಟಾಗಿ ಹೋಗಿ. ರಕ್ತದ ತೊಟ್ಟು ನಮ್ಮದು. ಅದರ ಉತ್ತರವೂ ನಮ್ಮದಾಗಬೇಕು.