ಅಜೋಬಾ ನಡೆದ ದಾರಿ
ಮಹಾರಾಷ್ಟ್ರದ ಘೋಟಿಯಲ್ಲಿ ಮುಂಬೈ ಕಡೆಯ ರೈಲು ಹಿಡಿದು ಇಗತ್ಪುರಿ ದಾಟಿ ಘಾಟಿ ಇಳಿದರೆ ಕಸಾರಾ ಸ್ಟೇಷನ್. 2009ರಲ್ಲಿ ಅಲ್ಲೇ ಒಂದು ಚಿರತೆ ಹಳಿ ದಾಟಿಕೊಂಡು ಹೋಯಿತು; ಕೊರಳಿನ ಜಿಪಿಎಸ್ ಪಟ್ಟಿ ಹೇಳಿದ ಸುದ್ದಿ ಇದು. ಅಹ್ಮದ್‌ನಗರ ಜಿಲ್ಲೆಯ ಬಾವಿಯೊಂದಕ್ಕೆ ಬಿದ್ದಿದ್ದ ಈ ಗಂಡು ಚಿರತೆಗೆ ವಿಜ್ಞಾನಿ ವಿದ್ಯಾ ಆತ್ರೇಯ ಅವರ ತಂಡ ಇಟ್ಟ ಹೆಸರು ಅಜೋಬಾ, ಮರಾಠಿಯಲ್ಲಿ ಅಜ್ಜ. ಮಾಳಶೇಜ್ ಘಾಟಿನ ಕಾಡಿಗೆ ಬಿಟ್ಟರೆ ಅಜ್ಜ ಅಲ್ಲಿ ನಿಲ್ಲಬೇಕಲ್ಲ! ಹೊಲ, ಹಳ್ಳಿ, ಹೆದ್ದಾರಿ ಹಾದು, ವಸೈ ಅಳಿವೆ ದಾಟಿ, ಸುಮಾರು 120 ಕಿ.ಮೀ. ನಡೆದು ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಸೇರಿದ. ಪ್ರಾಣಿ ಹೀಗೆ ಗುರುತಿಲ್ಲದ ನೆಲದಲ್ಲಿ ಎತ್ತ ಹೋದೀತು ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳಿವೆ. ನಕ್ಷೆಯನ್ನು ಚೌಕ ಚೌಕ ಮಾಡಿ ಕಾಡಿಗೆ ಕಡಿಮೆ, ರಸ್ತೆಗೆ, ಊರಿಗೆ ಹೆಚ್ಚು ಸುಂಕ ಕಟ್ಟುತ್ತವೆ. ಅಗ್ಗದ ದಾರಿಯೇ ಪ್ರಾಣಿಯ ದಾರಿ ಎಂಬ ಎಣಿಕೆ. ಆದರೆ ಸುಂಕ ಗೊತ್ತುಮಾಡುವವರು ಮನುಷ್ಯರು, ಎಷ್ಟೋ ಸಲ ಬರೀ ಅಂದಾಜಿನ ಮೇಲೆ. ಅದಕ್ಕೇ ಮಾದರಿಗೆ ತೋರಿಸದೆ ಎತ್ತಿಟ್ಟ, ಕೊರಳಪಟ್ಟಿ ಕೊಟ್ಟ ಜಿಪಿಎಸ್ ಚುಕ್ಕಿಗಳನ್ನು ಅದರ ದಾರಿಯ ಮೇಲಿಟ್ಟು ನೋಡಬೇಕು. ಒಂದು ಚಿರತೆಯಿಂದ ಸೂತ್ರ ಕಟ್ಟಲಾಗದು, ನಿಜ. ಆದರೂ ಊರಿಗೆ ಕಟ್ಟಿದ ಸುಂಕ ಅತಿಯಾಯಿತೇನೋ ಎಂಬ ಅನುಮಾನ ಹುಟ್ಟಿಸಲು ಅಜೋಬಾ ಒಬ್ಬನೇ ಸಾಕಿತ್ತು. ಹೆದ್ದಾರಿಯದು ಬೇರೆ ಮಾತು: 2011ರ ಡಿಸೆಂಬರಿನಲ್ಲಿ ಮುಂಬೈ–ಅಹಮದಾಬಾದ್ ಹೆದ್ದಾರಿಯಲ್ಲಿ ವಾಹನ ಬಡಿದು ಅಜ್ಜ ಸತ್ತ.